ಫೋಟೋದಿಂದ ಕಾಮಿಕ್ ಚಿತ್ರ: ಕೆಟ್ಟದ್ದು ಎಲ್ಲಿ ಎಂದು ಹುಡುಕುವ ಬಗೆ

ಗಟ್ಟಿ ಕಪ್ಪು, ಖಾಲಿ ಬಿಳಿ, ನಡುವೆ ಒಂದೆರಡು ಸಪಾಟು ಬಣ್ಣ. ಫೋಟೋವನ್ನು ಹೀಗೆ ಕಾಮಿಕ್ ಚಿತ್ರದಂತೆ ಮಾಡಿಕೊಡಿ ಎಂಬ ಬೇಡಿಕೆ ತುಮಕೂರಿನ ಡಿಸೈನ್ ಅಂಗಡಿಗಳಲ್ಲಿ ಈಗ ಸಾಮಾನ್ಯ. ಕಾಲೇಜು ಹಬ್ಬದ ಟೀ ಶರ್ಟ್, ಜಾತ್ರೆಯ ಬ್ಯಾನರ್, ನಾಟಕದ ಕರಪತ್ರ, ಎಲ್ಲಕ್ಕೂ ಅದೇ ಬೇಕು. ಕೆಲಸ ಕೆಟ್ಟಾಗ ಬೈಗುಳ ತಿನ್ನುವುದು ಮಾತ್ರ ಫಿಲ್ಟರ್. ಒಂದು ಸರಿಬರಲಿಲ್ಲವೆಂದು ಇನ್ನೊಂದು, ಅದೂ ಆಗಲಿಲ್ಲವೆಂದು ಜಾಲದಿಂದ ಇಳಿಸಿಕೊಂಡ ಮತ್ತೊಂದು ಹೀಗೆ ಹಾಕುತ್ತಾ ಹೋಗುತ್ತಾರೆ. ಆದರೆ ದೋಷ ಬಹುಪಾಲು ಸಲ ಫಿಲ್ಟರ್‌ಗೆ ಒಂದೆರಡು ಹೆಜ್ಜೆ ಹಿಂದೆಯೇ ಕೂತಿರುತ್ತದೆ. ಫಿಲ್ಟರ್ ತನಗೆ ಕೊಟ್ಟ ಬೂದು ಬಣ್ಣವನ್ನು ಕಪ್ಪು, ಬಿಳುಪು ಎಂದು ಎರಡಾಗಿ ಸೀಳುತ್ತದೆ, ಅಷ್ಟೇ. ಆ ಬೂದು ಸರಿಯಿಲ್ಲದಿದ್ದರೆ ಯಾವ ಫಿಲ್ಟರೂ ಉದ್ಧಾರ ಮಾಡುವುದಿಲ್ಲ.

ಹಾಗಾಗಿ ಈ ಕೈಪಿಡಿ ಫಿಲ್ಟರ್‌ಗಳ ಪಟ್ಟಿಯಲ್ಲ. ಎದುರಿಗಿರುವ ಕೆಟ್ಟ ಚಿತ್ರವನ್ನು ನೋಡಿ, ಅದು ಯಾವ ಹಂತದಲ್ಲಿ ಕೆಟ್ಟಿತು ಎಂದು ಗೊತ್ತುಮಾಡುವ ದಾರಿ. ಉದಾಹರಣೆಗಳನ್ನು ಫೋಟೋಶಾಪ್ ಮತ್ತು ಉಚಿತವಾಗಿ ಸಿಗುವ ಜಿಂಪ್ ಎರಡರಿಂದಲೂ ಕೊಟ್ಟಿದ್ದೇನೆ.

ಮೊದಲು ಕಣ್ಣಿನ ಗುಂಡಿ

ಕೆಲಸದ ಹಂತಗಳನ್ನು, ಒಂದರ ಮೇಲೊಂದು ಕೂರುವ ಪದರಗಳಾದ ಬೇರೆ ಬೇರೆ ಲೇಯರ್‌ಗಳಲ್ಲಿ ಇಟ್ಟುಕೊಂಡಿದ್ದರೆ ಅರ್ಧ ರೋಗ ಆಗಲೇ ಪತ್ತೆ. ಎಲ್ಲಕ್ಕಿಂತ ಕೆಳಗೆ ಮುಟ್ಟದ ಮೂಲ ಫೋಟೋ. ಅದರ ಮೇಲೆ ಬೂದು ಪ್ರತಿ. ಅದರ ಮೇಲೆ ನಯಗೊಳಿಸಿದ ಪ್ರತಿ. ಆಮೇಲೆ ಕಪ್ಪು ಬಿಳುಪು, ಗೆರೆ, ಬಣ್ಣ, ಚುಕ್ಕಿ, ಅಕ್ಷರ. ಚಿತ್ರ ಕೆಟ್ಟಾಗ ಮೇಲಿನಿಂದ ಒಂದೊಂದೇ ಲೇಯರನ್ನು ಅದರ ಪಕ್ಕದ ಕಣ್ಣಿನ ಗುರುತು ಒತ್ತಿ ಮರೆಮಾಡುತ್ತಾ ಬನ್ನಿ. ದೋಷ ಯಾವ ಲೇಯರ್ ಮರೆಮಾಡಿದಾಗ ಮಾಯವಾಯಿತೋ ಅದು ಹುಟ್ಟಿದ್ದು ಅಲ್ಲಿ. ಬೂದು ಪ್ರತಿಯವರೆಗೆ ಬಂದರೂ ದೋಷ ಉಳಿದಿದ್ದರೆ ಮೇಲಿನ ಲೇಯರ್‌ಗಳಲ್ಲಿ ತಿದ್ದುವುದು ವ್ಯರ್ಥ ಶ್ರಮ.

ಒಂದೇ ಲೇಯರಿನಲ್ಲಿ ಎಲ್ಲವನ್ನೂ ಮಾಡಿ, ಉಳಿಸಿ, ಮುಚ್ಚಿಬಿಟ್ಟವರಿಗೆ ಈ ಪರೀಕ್ಷೆ ಇಲ್ಲ. ಅವರು ಮೂಲ ಫೋಟೋದಿಂದ ಮತ್ತೆ ಶುರುಮಾಡುವುದೇ ಬೇಗ.

"ಅರ್ಧ ಮುಖವೇ ಕಪ್ಪಾಗಿದೆ"

ಅತಿ ಹೆಚ್ಚು ಬರುವ ದೂರು ಇದೇ. ಮೂಗಿನ ಒಂದು ಬದಿ, ಕೆನ್ನೆ, ಕತ್ತು ಎಲ್ಲವೂ ಒಂದೇ ಮಸಿಯ ತೇಪೆಯಾಗಿ ಮೀಸೆಗೂ ಕೂದಲಿಗೂ ಅಂಟಿಕೊಂಡಿರುತ್ತವೆ.

ಕಾರಣ ತಿಳಿಯಬೇಕಾದರೆ ಥ್ರೆಶೋಲ್ಡ್ ಏನು ಮಾಡುತ್ತದೆ ಎಂದು ನೋಡಬೇಕು. ಎಂಟು ಬಿಟ್ ಚಿತ್ರದಲ್ಲಿ ಬೂದುಬಣ್ಣಕ್ಕೆ 0ಯಿಂದ 255ರವರೆಗೆ 256 ಮೆಟ್ಟಿಲು. ಥ್ರೆಶೋಲ್ಡ್ ಒಂದು ಸಂಖ್ಯೆಯನ್ನು ಹಿಡಿದು, ಅದಕ್ಕಿಂತ ಕೆಳಗಿನದೆಲ್ಲ ಕಪ್ಪು, ಮೇಲಿನದೆಲ್ಲ ಬಿಳಿ ಎಂದು ತೀರ್ಪು ಕೊಡುತ್ತದೆ. ಫೋಟೋಶಾಪ್ ತಾನಾಗಿ ಹಿಡಿಯುವ ಸಂಖ್ಯೆ 128. ಈಗ ನಮ್ಮ ಕಡೆಯ ಒಂದು ಸಾಧಾರಣ ಗೋಧಿಗೆಂಪು ಕೆನ್ನೆಯನ್ನು ಅಳೆಯೋಣ: ಕೆಂಪು 141, ಹಸಿರು 95, ನೀಲಿ 68. ಬೂದು ಮಾಡುವ ರೂಢಿಯ ಸೂತ್ರದಲ್ಲಿ ಕೆಂಪಿನ ಪಾಲು ಶೇ 30, ಹಸಿರಿನದು 59, ನೀಲಿಯದು 11. ಲೆಕ್ಕ ಹಾಕಿದರೆ ಈ ಕೆನ್ನೆ ಸುಮಾರು 106. ಅಂದರೆ 128ರ ತೀರ್ಪಿನಲ್ಲಿ ಬೆಳಕು ಬಿದ್ದ ಕೆನ್ನೆಯೇ ಕಪ್ಪು. ನೆರಳಿನ ಬದಿಯ ಮಾತು ಬಿಡಿ.

ಜಾಲದಲ್ಲಿ ಸಿಗುವ, ಹಂತಗಳನ್ನು ಸಾಲಾಗಿ ತಾವೇ ನಡೆಸುವ ಸಿದ್ಧ ಆಕ್ಷನ್‌ಗಳಲ್ಲಿ ಸಂಖ್ಯೆ ಮೊದಲೇ ನಿಗದಿಯಾಗಿರುತ್ತದೆ. ಅದು ಯಾವ ಮೈಬಣ್ಣಕ್ಕೆ, ಯಾವ ಬೆಳಕಿಗೆ ಹೊಂದಿಸಿದ್ದು ಎಂದು ಯಾರೂ ಬರೆದಿರುವುದಿಲ್ಲ. ಆಗ ಕೆಲವರು ಮಾಡುವ ಉಪಾಯವೆಂದರೆ ಮೊದಲು ಮುಖವನ್ನೇ ಬೆಳ್ಳಗೆ ಮಾಡುವುದು. ಗಿರಾಕಿಗಳಲ್ಲೂ "ಸ್ವಲ್ಪ ಕಲರ್ ಮಾಡಿಕೊಡಿ" ಎನ್ನುವವರಿಗೆ ಕೊರತೆಯಿಲ್ಲ. ಆದರೆ ಇಲ್ಲಿ ಅದರ ಅಗತ್ಯವೇ ಇಲ್ಲ. ಗೆರೆಚಿತ್ರದಲ್ಲಿ ಬೆಳಕು ಬಿದ್ದ ಚರ್ಮವೆಂದರೆ ಖಾಲಿ ಕಾಗದ. ಅದರ ಮೇಲೆ ಆಮೇಲೆ ಯಾವ ಕಂದು ತುಂಬಬೇಕೋ ಅದನ್ನು ತುಂಬಬಹುದು. ಬದಲಾಗಬೇಕಾದ್ದು ಮುಖವಲ್ಲ, ಸಂಖ್ಯೆ. ಯಾವ ಬೂದು ಎಷ್ಟಿದೆ ಎಂದು ತೋರಿಸುವ ಹಿಸ್ಟೋಗ್ರಾಮ್ ತೆರೆದು ನೋಡಿ: ಎರಡು ದಿಬ್ಬಗಳ ನಡುವೆ ಒಂದು ತಗ್ಗು ಕಂಡರೆ ಥ್ರೆಶೋಲ್ಡ್ ಅಲ್ಲಿಗೆ ಬರಲಿ. ಜಿಂಪ್‌ನ ಥ್ರೆಶೋಲ್ಡ್ ಕಿಟಕಿಯಲ್ಲಿ 'ಆಟೋ' ಗುಂಡಿ ಇದೆ, ಮೊದಲ ಅಂದಾಜಿಗೆ ಅದು ಸಾಕು. ಹೀಗೆ ಸಂಖ್ಯೆಯನ್ನು ಲೆಕ್ಕದಿಂದ ಹುಡುಕುವ ಹೆಸರಾಂತ ವಿಧಾನವನ್ನು ಜಪಾನಿನ ನೊಬುಯುಕಿ ಒಟ್ಸು 1979ರಲ್ಲಿ ಪ್ರಕಟಿಸಿದರು. ಆದರೆ ಲೆಕ್ಕಕ್ಕೆ ಹಿನ್ನೆಲೆಯ ಆಕಾಶವೂ ಮುಖವೂ ಒಂದೇ ಎಂಬುದನ್ನು ಮರೆಯಬೇಡಿ. ಮುಖವನ್ನಷ್ಟೇ ಆಯ್ಕೆ ಮಾಡಿಕೊಂಡು ಹಿಸ್ಟೋಗ್ರಾಮ್ ನೋಡಿದರೆ ಸಿಗುವ ತಗ್ಗೇ ಬೇರೆ.

ಎಷ್ಟು ಎಳೆದಾಡಿದರೂ ಒಂದು ಸಂಖ್ಯೆ ಒಪ್ಪುವುದಿಲ್ಲ ಎಂದಾದರೆ (ಕಣ್ಣು ಸರಿಯಾದಾಗ ಅಂಗಿ ಹಾಳು, ಅಂಗಿ ಸರಿಯಾದಾಗ ಕಣ್ಣು ಹಾಳು) ಎರಡು ದಾರಿಗಳಿವೆ. ಮೊದಲನೆಯದು, ಮುಖಕ್ಕೊಂದು ಬಟ್ಟೆಗೊಂದು ಥ್ರೆಶೋಲ್ಡ್ ಇಟ್ಟು, ಬೇಡದ ಭಾಗವನ್ನು ಮರೆಮಾಡುವ ಮಾಸ್ಕ್‌ನಿಂದ ಬೇರ್ಪಡಿಸುವುದು. ಎರಡನೆಯದು ಹೈ ಪಾಸ್. ಈ ಫಿಲ್ಟರ್ ಪ್ರತಿ ಬಿಂದುವನ್ನೂ ಅದರ ನೆರೆಹೊರೆಯ ಸರಾಸರಿಗೆ ಹೋಲಿಸಿ, ಸಮವಾಗಿದ್ದ ಕಡೆಯೆಲ್ಲ ನಡು ಬೂದು ಮಾಡಿಬಿಡುತ್ತದೆ. ನೆರಳಿನೊಳಗಿನ ಕಣ್ಣೂ ಬಿಸಿಲಿನ ಕಣ್ಣೂ ಒಂದೇ ತಕ್ಕಡಿಗೆ ಬರುತ್ತವೆ. ರೇಡಿಯಸ್ (ಆ ನೆರೆಹೊರೆ ಎಷ್ಟು ದೂರದವರೆಗೆ ಎಂಬ ಅಳತೆ) ಮುಖದ ಅಗಲದ ಇಪ್ಪತ್ತನೇ ಒಂದು ಭಾಗದಿಂದ ಶುರುಮಾಡಿ. ಕಡಿಮೆ ಮಾಡಿದಷ್ಟೂ ಬರೀ ಗೆರೆ, ಹೆಚ್ಚಿಸಿದಷ್ಟೂ ಗಟ್ಟಿ ಕಪ್ಪಿನ ತುಂಡುಗಳು.

ಹೈ ಪಾಸ್ ನಂತರ ಒಂದು ಹೊಸ ದೋಷ ಹುಟ್ಟುವುದುಂಟು: ಆಕಾಶ, ಗೋಡೆ, ಹಣೆ ಮೊದಲಾದ ಸಮತಟ್ಟು ಜಾಗಗಳ ತುಂಬ ಧೂಳು. ಕಾರಣ ಸರಳ. ಸಮತಟ್ಟು ಜಾಗವೆಲ್ಲ ಈಗ 128ರ ಸುತ್ತಮುತ್ತ ಇದೆ, ಥ್ರೆಶೋಲ್ಡ್ ಕೂಡ 128ರಲ್ಲೇ ಇದೆ. ಸಣ್ಣ ಏರಿಳಿತವೂ ಈಚೆಗೋ ಆಚೆಗೋ ಬೀಳುತ್ತದೆ. ಥ್ರೆಶೋಲ್ಡನ್ನು 122, 124ರ ಆಸುಪಾಸಿಗೆ ಇಳಿಸಿ. ಸಮತಟ್ಟೆಲ್ಲ ಒಟ್ಟಿಗೆ ಬಿಳಿಯಾಗಿ, ನಿಜವಾದ ಕಪ್ಪು ಮಾತ್ರ ಉಳಿಯುತ್ತದೆ. ಇಡೀ ವಿಧಾನದಲ್ಲಿ ಅತ್ಯಂತ ಕಡಿಮೆ ಶ್ರಮಕ್ಕೆ ಅತ್ಯಂತ ಹೆಚ್ಚು ಫಲ ಕೊಡುವ ತಿದ್ದುಪಡಿ ಇದು.

ಇನ್ನು ಬೆಳಕಿನ ಮಾತು. ನಡುಹಗಲ ಬಿಸಿಲಿನಲ್ಲಿ ತೆಗೆದ ಫೋಟೋದಲ್ಲಿ ಕಣ್ಣುಗಳ ಗುಳಿ ಎರಡು ಕಪ್ಪು ತೂತುಗಳಾಗುತ್ತವೆ. ಮೊಬೈಲ್ ಫ್ಲ್ಯಾಶ್ ಎದುರಿಗೇ ಹೊಡೆದ ಮುಖದಲ್ಲಿ ನೆರಳೇ ಇರುವುದಿಲ್ಲ. ಮೂಗು ಮಾಯವಾಗಿ ಎರಡು ಹೊಳ್ಳೆ ಮಾತ್ರ ಉಳಿಯುತ್ತವೆ. ತಿಪಟೂರು, ಗುಬ್ಬಿ ಕಡೆಯಿಂದ ಬರುವ ಫೋಟೋಗಳಲ್ಲಿ ಮೂರನೆಯ ಕಾಟವೊಂದಿದೆ: ತೋಟದಲ್ಲಿ ನಿಂತು ತೆಗೆಸಿಕೊಂಡ ಚಿತ್ರ, ಮುಖದ ಮೇಲೆ ತೆಂಗಿನ ಗರಿಯ ನೆರಳಿನ ಪಟ್ಟೆ. ಗರಿಯ ನೆರಳು ಯಾವುದು, ಮೀಸೆ ಯಾವುದು ಎಂಬ ವಿವೇಕ ತಂತ್ರಾಂಶಕ್ಕಿಲ್ಲ. ಬೂದು ಪ್ರತಿಯಲ್ಲೇ ಮೆತ್ತನೆಯ ಬ್ರಷ್ಷಿನಿಂದ ಆ ಪಟ್ಟೆಗಳನ್ನು ಪಕ್ಕದ ಬೂದಿಗೆ ಸಮಮಾಡಿ, ಆಮೇಲೆ ಮುಂದಕ್ಕೆ ಹೋಗಿ. ಇನ್ನೊಂದು ಫೋಟೋ ಕೇಳುವ ಅವಕಾಶವಿದ್ದರೆ ಕೇಳಿಬಿಡಿ. ಕಿಟಕಿಯ ಪಕ್ಕದಲ್ಲಿ ಅಥವಾ ಸಂಜೆಯ ಓರೆ ಬೆಳಕಿನಲ್ಲಿ ತೆಗೆದ ಒಂದು ಸಾಧಾರಣ ಮೊಬೈಲ್ ಚಿತ್ರ, ಫ್ಲ್ಯಾಶ್ ಹೊಡೆದ ದುಬಾರಿ ಕ್ಯಾಮೆರಾ ಚಿತ್ರಕ್ಕಿಂತ ಈ ಕೆಲಸಕ್ಕೆ ಎಷ್ಟೋ ವಾಸಿ.

ಕೆಂಪು ಮೊಗ ಎಲೆಯೊಳಗೆ ಕಳೆದುಹೋಗಿದೆ

ಫೋಟೋದಲ್ಲಿ ಎದ್ದು ಕಾಣುವುದು ಕಾಮಿಕ್ ಚಿತ್ರದಲ್ಲಿ ಕಾಣುವುದೇ ಇಲ್ಲ ಎಂಬ ದೋಷಕ್ಕೆ ಸೋಮನ ಕುಣಿತಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ಸೀಮೆಯಲ್ಲಿ ಸಿಗಲಾರದು. ದೊಡ್ಡ ಕೆಂಪು ಮೊಗ, ಎಂದರೆ ಕುಣಿಯುವವರ ಮುಖವಾಡ, ಹಿಂದೆ ಮರದ ಹಸಿರು. ಮೂಲ ಚಿತ್ರದಲ್ಲಿ ಕಣ್ಣು ನೇರ ಮೊಗಕ್ಕೇ ಹೋಗುತ್ತದೆ. ಬೂದು ಮಾಡಿದ ಕೂಡಲೇ ಮೊಗದ ಅಂಚು ಎಲೆಗಳೊಳಗೆ ಕರಗಿಹೋಗುತ್ತದೆ.

ಬಣ್ಣ ಎತ್ತುವ ಕಡ್ಡಿಯನ್ನು ಮೊಗದ ಕೆನ್ನೆಗೆ ತಗುಲಿಸಿ. ಕೆಂಪು 190, ಹಸಿರು 40, ನೀಲಿ 35 ಎಂದು ಬಂತೆನ್ನಿ. ಪಕ್ಕದ ಎಲೆಗೆ ತಗುಲಿಸಿ: ಕೆಂಪು 60, ಹಸಿರು 105, ನೀಲಿ 45. ಮೇಲಿನ ಸೂತ್ರ ಹಾಕಿ ನೋಡಿ, ಮೊಗ 84, ಎಲೆ 85. ಬಣ್ಣದಲ್ಲಿ ಬೆಂಕಿಗೂ ಕಾಡಿಗೂ ಇರುವಷ್ಟು ಅಂತರ, ಬೂದಿನಲ್ಲಿ ಒಂದೇ ಒಂದು ಮೆಟ್ಟಿಲು. ಇದರ ಮೇಲೆ ಕಾಂಟ್ರಾಸ್ಟ್ ಎಷ್ಟು ಏರಿಸಿದರೂ ಎರಡೂ ಒಟ್ಟಿಗೇ ಏರುತ್ತವೆ, ಒಟ್ಟಿಗೇ ಇಳಿಯುತ್ತವೆ.

ಚಿಕಿತ್ಸೆ ಬೂದು ಮಾಡುವ ಹಂತದಲ್ಲಿದೆ. ಕೆಂಪು, ಹಸಿರು, ನೀಲಿಯನ್ನು ಬೇರೆ ಬೇರೆಯಾಗಿ ತೋರಿಸುವ ಚಾನೆಲ್ ಫಲಕ ತೆರೆದು ಕೆಂಪು ಚಾನೆಲ್ ಒಂದನ್ನೇ ನೋಡಿ: ಅಲ್ಲಿ ಮೊಗ 190, ಎಲೆ 60. ಬಿಳಿ ಮೊಗ, ಕಪ್ಪು ಕಾಡು. ಹಸಿರು ಚಾನೆಲ್ ನೋಡಿದರೆ ತಿರುಗುಮುರುಗು: ಮೊಗ 40, ಎಲೆ 105. ಯಾವುದು ಬೇಕು ಎಂಬುದು ನಿಮ್ಮ ಆಯ್ಕೆ. ಮೊಗದ ಮೇಲಿನ ಬಿಳಿ ಬರಹಗಳು ಉಳಿಯಬೇಕಾದರೆ ಹಸಿರು ಚಾನೆಲ್ಲೇ ಮೇಲು, ಏಕೆಂದರೆ ಕೆಂಪು ಚಾನೆಲ್‌ನಲ್ಲಿ ಬಿಳಿಗೂ ಕೆಂಪಿಗೂ ದೂರ ಕಡಿಮೆ. ಫೋಟೋಶಾಪ್‌ನಲ್ಲಿ 'ಬ್ಲ್ಯಾಕ್ ಅಂಡ್ ವೈಟ್' ಹೊಂದಾಣಿಕೆಯ ಲೇಯರ್ ಹಾಕಿದರೆ ಕೆಂಪು, ಹಳದಿ, ಹಸಿರುಗಳಿಗೆ ಪ್ರತ್ಯೇಕ ಜಾರುಗುಂಡಿಗಳಿವೆ. ಜಿಂಪ್‌ನಲ್ಲಿ 'ಮೋನೋ ಮಿಕ್ಸರ್' ಅದೇ ಕೆಲಸ ಮಾಡುತ್ತದೆ.

ಹಣೆಯ ಕುಂಕುಮ ಮಾಯವಾಯಿತು, ಕೆಂಪು ರೇಷ್ಮೆಯ ಅಂಚು ಸೀರೆಯೊಳಗೆ ಸೇರಿಹೋಯಿತು ಎಂಬ ದೂರುಗಳೂ ಇದೇ ಜಾತಿಯವು. ಚರ್ಮ ನಯವಾಗಿ, ತಿಳಿಯಾಗಿ ಬರಬೇಕಾದರೆ ಕೆಂಪು ಚಾನೆಲ್; ಮುದುಕರ ಸುಕ್ಕು, ಗಡ್ಡದ ಒರಟು ಎದ್ದು ಬರಬೇಕಾದರೆ ನೀಲಿಯ ಕಡೆಗೆ ವಾಲಬೇಕು. ನೀಲಿ ಚಾನೆಲ್‌ನಲ್ಲಿ ಕ್ಯಾಮೆರಾದ ಗದ್ದಲ (ನಾಯ್ಸ್ ಎನ್ನುವ ಚೂರು ಚುಕ್ಕೆಗಳು) ಎಲ್ಲಕ್ಕಿಂತ ಹೆಚ್ಚು, ಆದ್ದರಿಂದ ಜೋಪಾನ.

ಜಿಂಪ್ ಬಳಸುವವರಿಗೆ ಇನ್ನೊಂದು ಎಚ್ಚರಿಕೆ. ಬಣ್ಣದ ಚಿತ್ರದ ಮೇಲೆ ನೇರವಾಗಿ ಥ್ರೆಶೋಲ್ಡ್ ಹಾಕಿದರೆ ಅದು ತಾನಾಗಿ 'ವ್ಯಾಲ್ಯೂ' ಹಿಡಿಯುತ್ತದೆ. ಅಂದರೆ ಮೂರು ಬಣ್ಣಗಳಲ್ಲಿ ದೊಡ್ಡ ಸಂಖ್ಯೆ ಯಾವುದೋ ಅದು. ಅದೇ ಮೊಗ ಅಲ್ಲಿ 84 ಅಲ್ಲ, 190. ಇಬ್ಬರು ಒಂದೇ ಫೋಟೋಗೆ ಒಂದೇ ಸಂಖ್ಯೆ ಹಾಕಿ ಬೇರೆ ಬೇರೆ ಚಿತ್ರ ಪಡೆದು ಜಗಳವಾಡುವುದಕ್ಕೆ ಇಷ್ಟು ಸಾಕು. ಮೊದಲು ಬೂದು ಮಾಡಿ, ಆಮೇಲೆ ಥ್ರೆಶೋಲ್ಡ್ ಹಾಕಿ.

ಬಿಳಿ ಪಂಚೆ, ಬಿಳಿ ಅಂಗಿ ತೊಟ್ಟವರು ಸುಣ್ಣದ ಗೋಡೆಯ ಮುಂದೆ ನಿಂತಿದ್ದರೆ ಚಾನೆಲ್ ಬದಲಿಸಿ ಪ್ರಯೋಜನವಿಲ್ಲ. ಮೂರರಲ್ಲೂ ಬಿಳಿ ಬಿಳಿಯೇ. ಹುಡುಕಲು ಅಂಚೇ ಇಲ್ಲದಿರುವಾಗ ಗೆರೆ ಹುಡುಕುವ ಫಿಲ್ಟರ್ ಏನು ಮಾಡೀತು? ಆಳನ್ನು ಕತ್ತರಿಸಿ ಬೇರೆ ಲೇಯರಿಗೆ ತೆಗೆದು, ಹಿಂದೆ ಒಂದು ಗಟ್ಟಿ ಬಣ್ಣ ತುಂಬಿ, ಅಥವಾ ಹೆಗಲಿನ ಗೆರೆಯನ್ನು ಕೈಯಿಂದ ಎಳೆಯಿರಿ.

ಮೆಣಸಿನ ಪುಡಿ ಎರಚಿದ ಹಾಗಿದೆ

ಚಿತ್ರದ ತುಂಬ ಸಣ್ಣ ಕಪ್ಪು ಚುಕ್ಕೆಗಳು. ನಾಲ್ಕು ಪಟ್ಟು ಹಿಗ್ಗಿಸಿ ನೋಡಿದರೆ ಮೂಲ ತಿಳಿಯುತ್ತದೆ. ಚುಕ್ಕೆಗಳು ಚೌಕಚೌಕವಾಗಿ, ಸಾಲು ಹಿಡಿದು ಕೂತಿದ್ದರೆ ಅದು ಜೆಪೆಗ್ ಒತ್ತಡದ ಗುರುತು. ಆ ವಿಧಾನ ಚಿತ್ರವನ್ನು ಎಂಟಕ್ಕೆ ಎಂಟು ಪಿಕ್ಸೆಲ್ಲಿನ ಚೌಕಗಳಾಗಿ ಮುರಿದು ಕುಗ್ಗಿಸುತ್ತದೆ. ವಾಟ್ಸ್ಆ್ಯಪ್‌ನಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋಗಳಲ್ಲಿ ಇದು ಖಚಿತ. ಅದೇ ಫೋಟೋವನ್ನು 'ಡಾಕ್ಯುಮೆಂಟ್' ಆಗಿ ಕಳಿಸಲು ಹೇಳಿದರೆ ಕುಗ್ಗದೆ ಬರುತ್ತದೆ. ಚುಕ್ಕೆಗಳು ಚೆಲ್ಲಾಪಿಲ್ಲಿಯಾಗಿದ್ದರೆ ಮಂದ ಬೆಳಕಿನಲ್ಲಿ ತೆಗೆದ ಕ್ಯಾಮೆರಾದ ಗದ್ದಲ. ಮುಖದ ಮೇಲಷ್ಟೇ ಇದ್ದರೆ ರಂಧ್ರ, ಕುರುಚಲು ಗಡ್ಡ. ಮಧುಗಿರಿಯ ಏಕಶಿಲಾ ಬೆಟ್ಟವನ್ನೋ ದೇವರಾಯನದುರ್ಗದ ಬಂಡೆಯನ್ನೋ ಹಿನ್ನೆಲೆಗೆ ಇಟ್ಟರೆ ಕಲ್ಲಿನ ಹರಳೇ ಚುಕ್ಕೆಯಾಗುತ್ತದೆ. ಅದನ್ನು ದೋಷವೆಂದು ಅಳಿಸುವ ಮೊದಲು ಒಮ್ಮೆ ನೋಡಿ, ಕಲ್ಲಿಗೆ ಅದು ಒಪ್ಪುತ್ತದೆ.

ಎಲ್ಲಕ್ಕೂ ಮದ್ದು ಒಂದೇ ಜಾಗದಲ್ಲಿ: ಥ್ರೆಶೋಲ್ಡಿಗೆ ಮುಂಚೆ. ಬೂದು ಪ್ರತಿಯನ್ನು ಅಂಚು ಕೆಡದಂತೆ ನಯಮಾಡಬೇಕು. ಫೋಟೋಶಾಪ್‌ನಲ್ಲಿ 'ಸರ್ಫೇಸ್ ಬ್ಲರ್' ಅಥವಾ 'ಮೀಡಿಯನ್', ಜಿಂಪ್‌ನಲ್ಲಿ 'ಸೆಲೆಕ್ಟಿವ್ ಗಾಸಿಯನ್ ಬ್ಲರ್' ಅಥವಾ 'ಮೀಡಿಯನ್ ಬ್ಲರ್'. ಸಾದಾ ಗಾಸಿಯನ್ ಬ್ಲರ್ ಹಾಕಿದರೆ ಚುಕ್ಕೆಯ ಜೊತೆ ಕಣ್ರೆಪ್ಪೆಯೂ ಹೋಗುತ್ತದೆ. ಥ್ರೆಶೋಲ್ಡ್ ಮುಗಿದ ಮೇಲೆ ಒಂದೊಂದೇ ಚುಕ್ಕೆಯನ್ನು ರಬ್ಬರಿನಿಂದ ಒರೆಸುತ್ತಾ ಕೂರುವವರನ್ನು ಕಂಡರೆ ಅವರ ತಾಳ್ಮೆಯ ಬಗ್ಗೆ ಗೌರವ ಹುಟ್ಟುತ್ತದೆ, ವಿವೇಕದ ಬಗ್ಗೆ ಅಲ್ಲ.

ಹಳೆಯ ಪುಸ್ತಕ, ಪತ್ರಿಕೆಗಳಿಂದ ಸ್ಕ್ಯಾನ್ ಮಾಡಿದ ಚಿತ್ರಗಳದ್ದು ಬೇರೆ ಕತೆ. 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿಯ ನಟರ ಚಿತ್ರಗಳು ರಂಗಭೂಮಿಯ ಪೋಸ್ಟರುಗಳಿಗೆ ಆಗಾಗ ಬೇಕಾಗುತ್ತವೆ, ಸಿಗುವುದು ಬಹುಮಟ್ಟಿಗೆ ಅಚ್ಚಾದ ಪುಟಗಳಿಂದ. ಅಚ್ಚಿನ ಚಿತ್ರ ಆಗಲೇ ಚುಕ್ಕಿಗಳಿಂದ ಆದದ್ದು. ಥ್ರೆಶೋಲ್ಡ್ ಹಾಕಿದರೆ ನಟ ಹೋಗಿ ಜಾಲರಿ ಉಳಿಯುತ್ತದೆ. ಸ್ಕ್ಯಾನರಿನಲ್ಲಿ 'ಡಿಸ್ಕ್ರೀನ್' ಆಯ್ಕೆ ಇದ್ದರೆ ಹಾಕಿ. ಇಲ್ಲದಿದ್ದರೆ 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕಿ) ಸ್ಕ್ಯಾನ್ ಮಾಡಿ, ಚುಕ್ಕಿಗಳು ಒಂದಕ್ಕೊಂದು ಬೆರೆಯುವಷ್ಟು ಮಾತ್ರ ಬ್ಲರ್ ಕೊಟ್ಟು, ಆಮೇಲೆ ಅಳತೆ ಅರ್ಧಕ್ಕೆ ಇಳಿಸಿ. ಇಲ್ಲಿ ಮಾತ್ರ ಸಾದಾ ಗಾಸಿಯನ್ ಬ್ಲರ್ರೇ ಸರಿ.

ಅಂಚು ಮೆಟ್ಟಿಲು ಮೆಟ್ಟಿಲು

ಥ್ರೆಶೋಲ್ಡ್ ನಡುವಿನ ಬೂದನ್ನು ಪೂರ್ತಿ ಕೊಲ್ಲುವುದರಿಂದ ಓರೆ ಗೆರೆಗಳು ಗರಗಸದಂತಾಗುತ್ತವೆ. ಚಿತ್ರವನ್ನು ಮೊದಲೇ ಮೂರು ನಾಲ್ಕು ಪಟ್ಟು ದೊಡ್ಡದು ಮಾಡಿ, ಒಂದೆರಡು ಪಿಕ್ಸೆಲ್ ಬ್ಲರ್ ಕೊಟ್ಟು, ಆಮೇಲೆ ಥ್ರೆಶೋಲ್ಡ್ ಹಾಕಿದರೆ ಅಂಚು ದುಂಡಗೆ, ಬ್ರಷ್ಷಿನಲ್ಲಿ ಎಳೆದಂತೆ ಬರುತ್ತದೆ. ಪರದೆಗಷ್ಟೇ ಬೇಕಾದ ಚಿತ್ರವಾದರೆ ಥ್ರೆಶೋಲ್ಡ್ ಬದಲು ಲೆವೆಲ್ಸ್ ಕಿಟಕಿ ತೆರೆದು ಕಪ್ಪಿನ ಗುರುತು 120ಕ್ಕೆ, ಬಿಳಿಯ ಗುರುತು 136ಕ್ಕೆ ತನ್ನಿ. ನಡುವೆ ಹದಿನಾರು ಮೆಟ್ಟಿಲು ಬೂದು ಉಳಿದು ಅಂಚು ನುಣುಪಾಗುತ್ತದೆ. ದೊಡ್ಡ ಬ್ಯಾನರಿಗೆ ಹೋಗುವುದಾದರೆ ಇಂಕ್‌ಸ್ಕೇಪಿನ 'ಟ್ರೇಸ್ ಬಿಟ್‌ಮ್ಯಾಪ್' ಅಥವಾ ಕೋರೆಲ್‌ಡ್ರಾದ 'ಪವರ್‌ಟ್ರೇಸ್' ಬಳಸಿ ವೆಕ್ಟರ್ (ಪಿಕ್ಸೆಲ್ ಬದಲು ಗೆರೆಯ ಲೆಕ್ಕದಲ್ಲಿ ಉಳಿಯುವ ಚಿತ್ರ) ಮಾಡಿಬಿಡುವುದೇ ಲೇಸು. ಆಮೇಲೆ ಎಷ್ಟು ಅಡಿಗೆ ಹಿಗ್ಗಿಸಿದರೂ ಚಿಂತೆಯಿಲ್ಲ.

ಗೆರೆಗಳ ಗಲಾಟೆ

ಜಿಂಪ್‌ನ 'ಡಿಫರೆನ್ಸ್ ಆಫ್ ಗಾಸಿಯನ್ಸ್' ಎರಡು ಬೇರೆ ಬೇರೆ ಮಟ್ಟದ ಬ್ಲರ್‌ಗಳನ್ನು ಕಳೆದು ಅಂಚು ಹುಡುಕುತ್ತದೆ. ಗೆರೆಯ ದಪ್ಪ ಆ ರೇಡಿಯಸ್‌ಗಳಿಂದ ಬರುವುದು, ರೇಡಿಯಸ್ ಪಿಕ್ಸೆಲ್ ಲೆಕ್ಕದಲ್ಲಿದೆ. ಹೀಗಾಗಿ ಸಾವಿರ ಪಿಕ್ಸೆಲ್ ಅಗಲದ ಚಿತ್ರಕ್ಕೆ ಚೆನ್ನಾಗಿ ಕೂತ ಸಂಖ್ಯೆ ನಾಲ್ಕು ಸಾವಿರದ ಚಿತ್ರಕ್ಕೆ ಕೂದಲೆಳೆಯಂಥ ಗೆರೆ ಕೊಡುತ್ತದೆ. ಒಂದು ಸರಣಿಯ ಹತ್ತಾರು ಚಿತ್ರಗಳಲ್ಲಿ ಗೆರೆ ಒಂದೊಂದರಲ್ಲಿ ಒಂದೊಂದು ದಪ್ಪ ಬರುತ್ತಿದ್ದರೆ ಬೇರೇನೂ ಹುಡುಕಬೇಡಿ. ಎಲ್ಲವನ್ನೂ ಮೊದಲು ಒಂದೇ ಅಳತೆಗೆ ತನ್ನಿ.

ಕಪ್ಪು ನೆಲದ ಮೇಲೆ ಬಿಳಿ ಗೆರೆ ಬಂದಿದ್ದರೆ ಇನ್ವರ್ಟ್ (ಕಪ್ಪು ಬಿಳುಪು ಅದಲುಬದಲು) ಬಾಕಿ ಇದೆ. ಗೆರೆಯ ಲೇಯರ್ ಇಟ್ಟ ಕೂಡಲೇ ಕೆಳಗಿನ ಬಣ್ಣವೆಲ್ಲ ಮುಚ್ಚಿಹೋದರೆ ಬ್ಲೆಂಡ್ ಮೋಡ್ (ಲೇಯರ್ ಕೆಳಗಿನದರೊಡನೆ ಬೆರೆಯುವ ಬಗೆ) 'ಮಲ್ಟಿಪ್ಲೈ' ಆಗಿಲ್ಲ. ಫೋಟೋಶಾಪ್‌ನ ಫಿಲ್ಟರ್ ಗ್ಯಾಲರಿಯ 'ಸ್ಟಾಂಪ್', 'ಫೋಟೋಕಾಪಿ' ಇತ್ಯಾದಿ ಕಪ್ಪಿನ ಬದಲು ನೇರಳೆಯನ್ನೋ ಹಳದಿಯನ್ನೋ ಕೊಟ್ಟರೆ ಗಾಬರಿ ಬೇಡ: ಅವು ಆ ಹೊತ್ತಿನ ಮುನ್ನೆಲೆ, ಹಿನ್ನೆಲೆ ಬಣ್ಣಗಳನ್ನೇ ಮಸಿ, ಕಾಗದವೆಂದು ಬಳಸುತ್ತವೆ. ಡಿ ಕೀಲಿ ಒತ್ತಿ, ಮತ್ತೆ ಹಾಕಿ. ಗ್ಯಾಲರಿಯೇ ಮಸುಕಾಗಿ ಒತ್ತಲು ಬರುತ್ತಿಲ್ಲವೇ? ಚಿತ್ರ ಸಿಎಂವೈಕೆಯಲ್ಲಿದೆ (ಅಚ್ಚಿನ ನಾಲ್ಕು ಮಸಿಗಳ ಲೆಕ್ಕ) ಅಥವಾ 16 ಬಿಟ್‌ನಲ್ಲಿದೆ. 'ಮೋಡ್' ಮೆನುವಿನಲ್ಲಿ ಪರದೆಯ ಕೆಂಪು, ಹಸಿರು, ನೀಲಿ ಲೆಕ್ಕವಾದ ಆರ್‌ಜಿಬಿ, 8 ಬಿಟ್‌ಗೆ ತನ್ನಿ. ಜಿಂಪ್‌ನಲ್ಲಿ ಅದೇ ತೊಂದರೆ 'ಇಂಡೆಕ್ಸ್ಡ್' (ಬಣ್ಣಗಳ ಸಣ್ಣ ಪಟ್ಟಿಯಷ್ಟೇ ಇರುವ) ಚಿತ್ರಗಳಲ್ಲಿ.

ಚರ್ಮದ ಮೇಲೆ ಹಸಿರು, ನೇರಳೆ ತೇಪೆ

ಬಣ್ಣದ ಫೋಟೋಗೆ ನೇರ ಪೋಸ್ಟರೈಸ್ ಹಾಕಿದವರಿಗೆ ಇದು ತಪ್ಪಿದ್ದಲ್ಲ. ಪೋಸ್ಟರೈಸ್ ಮೂರು ಚಾನೆಲ್‌ಗಳನ್ನೂ ಬೇರೆ ಬೇರೆಯಾಗಿ ಮೆಟ್ಟಿಲು ಮಾಡುತ್ತದೆ. ಲೆವೆಲ್ 3 ಎಂದರೆ ಮೂರು ಬಣ್ಣವಲ್ಲ, ಮೂರರ ಘನ, 27 ಬಣ್ಣ. 4 ಎಂದರೆ 64. ಕೆನ್ನೆಯ ಇಳಿಜಾರಿನಲ್ಲಿ ಕೆಂಪು ಒಂದು ಜಾಗದಲ್ಲಿ ಮೆಟ್ಟಿಲಿಳಿಯುತ್ತದೆ, ಹಸಿರು ಇನ್ನೊಂದು ಜಾಗದಲ್ಲಿ. ಇವೆರಡರ ನಡುವೆ ಸಿಕ್ಕಿಕೊಂಡ ಚರ್ಮಕ್ಕೆ ಯಾರೂ ಕೇಳದ ಬಣ್ಣ ಬರುತ್ತದೆ.

ಬೂದು ಪ್ರತಿಯನ್ನು ಪೋಸ್ಟರೈಸ್ ಮಾಡಿ. ಲೆವೆಲ್ 3 ಅಂದರೆ ಅಲ್ಲಿ ನಿಜಕ್ಕೂ ಮೂರೇ ಮಟ್ಟ. ಅದರ ಮೇಲೆ 'ಗ್ರೇಡಿಯಂಟ್ ಮ್ಯಾಪ್' ಹಾಕಿ, ಕಪ್ಪಿಗೊಂದು, ನಡುವಿಗೊಂದು, ಬಿಳಿಗೊಂದು ಬಣ್ಣ ನೀವೇ ಕೊಡಿ. ಇನ್ನೂ ಅಚ್ಚುಕಟ್ಟು ಬೇಕೆಂದರೆ ಗೆರೆಯ ಕೆಳಗೆ ಕೈಯಿಂದ ಬಣ್ಣ ತುಂಬುವುದೇ ಸರಿ. ಚರ್ಮಕ್ಕೆ ಎರಡು ಕಂದು, ಕೂದಲಿಗೆ ಕಪ್ಪಿನೊಳಗೆ ಒಂದು ನೀಲಿ ಮಿಂಚು, ಅಂಗಿಗೆ ಒಂದೇ ಬಣ್ಣ. ಬಕೆಟ್ ಬಳಸಿದಾಗ ಗೆರೆಯ ಪಕ್ಕ ಬಿಳಿ ಎಳೆ ಉಳಿದರೆ ಆಯ್ಕೆಯನ್ನು ಒಂದೆರಡು ಪಿಕ್ಸೆಲ್ ಹಿಗ್ಗಿಸಿ ತುಂಬಿ.

ಚುಕ್ಕಿ ಬಣ್ಣ ಮತ್ತು ಅಲೆ

ಹಳೆಯ ಕಾಮಿಕ್ ಪುಟಗಳ ಚುಕ್ಕಿ ಛಾಯೆಗೆ ಬೆನ್ ಡೇ ಎಂದು ಹೆಸರು. 1879ರಲ್ಲಿ ಈ ವಿಧಾನ ತಂದ ಅಮೆರಿಕದ ಬೆಂಜಮಿನ್ ಹೆನ್ರಿ ಡೇ ಅವರಿಂದ ಬಂದದ್ದು. ಫೋಟೋಶಾಪ್‌ನ 'ಕಲರ್ ಹಾಫ್‌ಟೋನ್', ಜಿಂಪ್‌ನ 'ನ್ಯೂಸ್‌ಪ್ರಿಂಟ್' ಇದನ್ನು ಮಾಡುತ್ತವೆ. ಚುಕ್ಕಿಗಳ ಮೇಲೆ ನೀರಿನ ಅಲೆಯಂಥ ನಕ್ಷೆ ಕಂಡರೆ ಮೊದಲು ಜೂಮ್ ಸರಿಯಾಗಿ 100ಕ್ಕೆ ತನ್ನಿ. 67, 33ರಂಥ ಸಂಖ್ಯೆಗಳಲ್ಲಿ ಪರದೆಯೇ ಅಲೆ ಹುಟ್ಟಿಸುತ್ತದೆ, ಕಡತದಲ್ಲಿ ಏನೂ ಇರುವುದಿಲ್ಲ. 100ರಲ್ಲೂ ಅಲೆ ಇದ್ದರೆ ಚುಕ್ಕಿ ಹಾಕಿದ ಮೇಲೆ ಯಾರೋ ಚಿತ್ರದ ಅಳತೆ ಬದಲಿಸಿದ್ದಾರೆ. ಚುಕ್ಕಿ ಯಾವಾಗಲೂ ಕೊನೆಯ ಅಳತೆಗೆ ಬಂದ ನಂತರ. 300 ಡಿಪಿಐ ಕರಪತ್ರದಲ್ಲಿ ಹನ್ನೆರಡು ಪಿಕ್ಸೆಲ್‌ಗೊಂದು ಚುಕ್ಕಿ ಎಂದರೆ ಕಾಗದದ ಮೇಲೆ ಸುಮಾರು ಒಂದು ಮಿಲಿಮೀಟರಿಗೊಂದು. ಕಣ್ಣಿಗೆ ಕಾಣುತ್ತದೆ, ಚೆಂದವೂ ಇರುತ್ತದೆ.

ಮಾತಿನ ಗುಳ್ಳೆಯಲ್ಲಿ ಒತ್ತಕ್ಷರ ಒಡೆದಿದೆ

ಇದು ಕನ್ನಡದಂಥ ಭಾರತೀಯ ಲಿಪಿಗಳಲ್ಲಿ ಬರೆಯುವವರಿಗೆ ಬರುವ ತಲೆನೋವು. "ಅಯ್ಯೋ" ಎಂದು ಬರೆದರೆ ಯ ಪಕ್ಕದಲ್ಲಿ ಇನ್ನೊಂದು ಯ ಬಂದು ಕೂರುತ್ತದೆ. ಹಳೆಯ ಫೋಟೋಶಾಪ್‌ಗಳಲ್ಲಿ ಪ್ರಿಫರೆನ್ಸಸ್‌ನ 'ಟೈಪ್' ವಿಭಾಗಕ್ಕೆ ಹೋಗಿ 'ಮಿಡಲ್ ಈಸ್ಟರ್ನ್ ಅಂಡ್ ಸೌತ್ ಏಷ್ಯನ್' ಆರಿಸಿ, ತಂತ್ರಾಂಶ ಮುಚ್ಚಿ ತೆರೆದು, ಪ್ಯಾರಾಗ್ರಾಫ್ ಫಲಕದ ಮೆನುವಿನಲ್ಲಿ 'ವರ್ಲ್ಡ್ ರೆಡಿ' ಕಂಪೋಸರ್ ಹಾಕಬೇಕು. ಜಿಂಪ್ ಮತ್ತು ಇಂಕ್‌ಸ್ಕೇಪ್ ಯೂನಿಕೋಡ್ ಕನ್ನಡವನ್ನು ಏನೂ ಹೇಳದೆಯೇ ಸರಿಯಾಗಿ ಕೂರಿಸುತ್ತವೆ.

ಅಕ್ಷರದ ಬದಲು ಇಂಗ್ಲಿಷ್ ಚಿಹ್ನೆಗಳ ಗೋಜಲು ಕಂಡರೆ ಅದು 'ನುಡಿ' ತಂತ್ರಾಂಶದ ಹಳೆಯ ಆಸ್ಕಿ ಪಠ್ಯ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ್ದು), ಫಾಂಟ್ ಮಾತ್ರ ಬದಲಾಗಿದೆ. ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಿಕೊಳ್ಳಿ. ಗುಳ್ಳೆಗೆ ಬಾಲೂ ತಮ್ಮದಂಥ ದಪ್ಪ, ದುಂಡು ಫಾಂಟ್ ಹೊಂದುತ್ತದೆ. ಇಂಗ್ಲಿಷಿಗೆ ಇಡುವ ಸಾಲಿನ ಅಂತರ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ವತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಪರದೆಯಲ್ಲಿ ಚೆನ್ನ, ಅಚ್ಚಿನಲ್ಲಿ ಕೆಟ್ಟ

ಕಪ್ಪು ಜಾಗ ಬೂದಿಯಂತೆ ಮಂಕಾಗಿದ್ದರೆ ಕಡತದಲ್ಲಿ ಕಪ್ಪು ಮಸಿ ಒಂದೇ ಇದೆಯೇ ನೋಡಿ. ದೊಡ್ಡ ಕಪ್ಪು ಜಾಗಗಳಿಗೆ ಕೆ (ಕಪ್ಪು) 100ರ ಜೊತೆ ಸಿ (ಸಯಾನ್) 60, ಎಂ (ಮಜೆಂಟಾ) 40, ವೈ (ಹಳದಿ) 40 ಬೆರೆಸಿದರೆ ಆಳ ಬರುತ್ತದೆ. ಸಣ್ಣ ಅಕ್ಷರ, ಸಣ್ಣ ಗೆರೆಗಳಿಗೆ ಮಾತ್ರ ಇದನ್ನು ಮಾಡಬೇಡಿ. ನಾಲ್ಕು ಮಸಿಗಳಲ್ಲಿ ಒಂದು ಸ್ವಲ್ಪ ಸರಿದರೂ ಅಂಚಿಗೆ ಬಣ್ಣದ ನೆರಳು ಕಾಣುತ್ತದೆ. ಗೆರೆಯ ಸುತ್ತ ಮಂಜು ಕವಿದಂತಿದ್ದರೆ ಯಾರೋ ಜೆಪೆಗ್ ಆಗಿ ಉಳಿಸಿದ್ದಾರೆ. ಪಿಎನ್‌ಜಿ ಅಥವಾ ಟಿಫ್ ಕೊಡಿ.

ಟೀ ಶರ್ಟಿನ ಸ್ಕ್ರೀನ್ ಪ್ರಿಂಟಿಂಗ್ ಇನ್ನೂ ಕಟ್ಟುನಿಟ್ಟು. ಜಾಲರಿಗೆ ಬೂದು ಗೊತ್ತಿಲ್ಲ. 600 ಡಿಪಿಐ, ಒಂದು ಬಿಟ್ (ಬರೀ ಕಪ್ಪು, ಬಿಳಿ) ಟಿಫ್ ಕೊಡಬೇಕು. ಫೋಟೋಶಾಪ್‌ನಲ್ಲಿ 'ಬಿಟ್‌ಮ್ಯಾಪ್' ಮೋಡಿಗೆ ಬದಲಿಸುವಾಗ '50% ಥ್ರೆಶೋಲ್ಡ್' ಆರಿಸಿ. 'ಡಿಫ್ಯೂಷನ್ ಡಿದರ್' ಉಳಿದುಹೋದರೆ ಅಷ್ಟು ಹೊತ್ತು ಕಷ್ಟಪಟ್ಟು ತೆಗೆದ ಚುಕ್ಕೆಗಳು ಅಂಚಿಗೆ ವಾಪಸು ಬರುತ್ತವೆ. ಬಟ್ಟೆಯ ಮೇಲೆ ಅರ್ಧ ಮಿಲಿಮೀಟರಿಗಿಂತ ಸಣ್ಣ ಗೆರೆಗೆ ಭರವಸೆಯಿಲ್ಲ. 600 ಡಿಪಿಐಯಲ್ಲಿ ಅದು ಸುಮಾರು ಹನ್ನೆರಡು ಪಿಕ್ಸೆಲ್.

ಕೊನೆಯದು ಕಪ್ಪು ಟೀ ಶರ್ಟಿನ ದೂರು: "ಮುಖ ದೆವ್ವದ ಹಾಗೆ ಬಂದಿದೆ." ಕೂದಲು ಬೆಳ್ಳಗೆ, ಹಲ್ಲು ಕಪ್ಪಗೆ, ಕಣ್ಣಿನ ಗುಳಿ ಹೊಳೆಯುತ್ತಿದೆ. ಫಿಲ್ಮಿನಲ್ಲೋ ಬಟರ್ ಪೇಪರಿನಲ್ಲೋ ಕಪ್ಪಿದ್ದ ಕಡೆ ಜಾಲರಿ ತೆರೆದುಕೊಂಡು ಅಲ್ಲಿ ಮಸಿ ಇಳಿಯುತ್ತದೆ. ಬಿಳಿ ಬಟ್ಟೆಗೆ ಕಪ್ಪು ಮಸಿಯಾದರೆ ನೆರಳು ಅಚ್ಚಾಗಬೇಕು, ಅದು ಸರಿ. ಕಪ್ಪು ಬಟ್ಟೆಗೆ ಬಿಳಿ ಮಸಿಯಾದರೆ ಅಚ್ಚಾಗಬೇಕಾದ್ದು ಬೆಳಕು. ಆದ್ದರಿಂದ ಚಿತ್ರವನ್ನು ಇನ್ವರ್ಟ್ ಮಾಡಿ ಫಿಲ್ಮ್ ತೆಗೆಯಬೇಕು. ಫಿಲ್ಮಿನ ಮೇಲೆ ಮುಖ ನೆಗೆಟಿವ್‌ನಂತೆ ಕಾಣುತ್ತದೆ, ಅದನ್ನು ಕಂಡು ಅಚ್ಚಿನವರು ಸದುದ್ದೇಶದಿಂದಲೇ ಮತ್ತೆ ತಿರುಗಿಸಿಬಿಡುವುದುಂಟು. ಇನ್ವರ್ಟ್ ಮಾಡುವಾಗ ಸುತ್ತಲಿನ ಖಾಲಿ ಕಾಗದವೂ ಕಪ್ಪಾಗಿ ಎದೆಯ ಮೇಲೆ ದೊಡ್ಡ ಬಿಳಿ ಚೌಕ ಬೀಳಬಹುದು. ಆಳಿನ ಆಕಾರದ ಹೊರಗಿನದನ್ನು ಅಳಿಸಿ, ಕಡತದ ಹೆಸರಿನಲ್ಲೇ "ಕಪ್ಪು ಬಟ್ಟೆ, ಬಿಳಿ ಮಸಿ, ತಿರುಗಿಸಬೇಡಿ" ಎಂದು ಬರೆದು ಕಳಿಸಿ.